ಮದ್ದು ನಿಂತ ಮೇಲಿನ ಲೆಕ್ಕ

ಕಾಸರಗೋಡಿನ ಎಣ್ಮಕಜೆಯ ಸುತ್ತಮುತ್ತ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಅರ್ಜಿ ಬರೆದುಕೊಡುವುದು, ಅವರೊಟ್ಟಿಗೆ ವೈದ್ಯಕೀಯ ಶಿಬಿರಗಳಿಗೆ ಹೋಗುವುದು ಹಲವು ವರ್ಷಗಳಿಂದ ನನ್ನ ಕೆಲಸ. ಈ ಓಡಾಟದಲ್ಲಿ ನನಗೆ ಸ್ಪಷ್ಟವಾದದ್ದು ಇಷ್ಟು: ನೆಲ ವಿಷವಾದಾಗ ಸರಕಾರ ಮೊದಲು ಮಾಡಬೇಕಾದದ್ದು ಪರಿಹಾರದ ಘೋಷಣೆಯಲ್ಲ, ದಾಖಲೆ. ಯಾವ ಊರಿನ ಮೇಲೆ ಯಾವಾಗ ಎಷ್ಟು ಮದ್ದು ಬಿತ್ತು, ಯಾರ ಮನೆಯಲ್ಲಿ ಏನಾಯಿತು ಎಂದು ಆಗಲೇ ಬರೆದಿಡದಿದ್ದರೆ, ಅದನ್ನು ಸಾಬೀತು ಮಾಡುವ ಹೊರೆ ಕೊನೆಗೆ ಹಾಸಿಗೆ ಹಿಡಿದ ಮಗುವಿನ ತಾಯಿಯ ತಲೆಗೆ ಬರುತ್ತದೆ.

ಕಾಸರಗೋಡಿನ ಗೇರು ಗುಡ್ಡಗಳಿಗೆ ಟೀ ಸೊಳ್ಳೆಯ ಕಾಟವೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟರು. ತೋಟ ಸರಕಾರಿ ಒಡೆತನದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನದು. ನಮ್ಮಲ್ಲಿ ಗೇರು ಗುಡ್ಡದ ಮೇಲೆ, ಮನೆ ಮತ್ತು ಅಡಿಕೆ ತೋಟ ತಗ್ಗಿನಲ್ಲಿ. ಕುಡಿಯುವ ನೀರು ಬಾವಿಯದು, ತೋಡಿನದು, ಗುಡ್ಡ ಕೊರೆದ ಸುರಂಗದ್ದು. ಮೇಲೆ ಬಿದ್ದದ್ದು ಕೆಳಗಿಳಿಯದೆ ಇರುವ ಭೂಮಿ ಇದಲ್ಲ.

ಮೊದಲು ಲೆಕ್ಕ ಇಟ್ಟವರು ಊರಿನವರೇ. ವಾಣಿನಗರದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳ ಮನೆಗಳನ್ನೂ ಕಾಯಿಲೆಗಳನ್ನೂ ಜೋಡಿಸಿ ನೋಡಿದರು. ಪತ್ರಕರ್ತ ಶ್ರೀಪಡ್ರೆ ಪಟ್ಟುಬಿಡದೆ ಬರೆದರು. ಕೃಷಿ ಇಲಾಖೆಯ ನೌಕರಿಯಲ್ಲೇ ಇದ್ದ ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯಕ್ಕೆ ಹೋಗಿ ಕೊನೆಗೆ ಸಿಂಪಡಣೆಗೆ ತಡೆ ತಂದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿತು.

ನಿಂತ ಮೇಲೆ ಶುರುವಾದದ್ದು ಪಟ್ಟಿಯ ಕಥೆ. 2010ರ ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರ ಶಿಫಾರಸು ಮಾಡಿತ್ತು: ಸತ್ತವರ ಕುಟುಂಬಕ್ಕೆ ಮತ್ತು ಪೂರ್ತಿ ಹಾಸಿಗೆ ಹಿಡಿದವರಿಗೆ 5 ಲಕ್ಷ, ಉಳಿದ ಅಂಗವೈಕಲ್ಯಕ್ಕೆ 3 ಲಕ್ಷ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ಎಲ್ಲ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದಿತು. 2022ರಲ್ಲಿ ಅದೇ ಕೋರ್ಟ್ ವಿಳಂಬಕ್ಕಾಗಿ ಕೇರಳ ಸರಕಾರವನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡ ಮೇಲೆಯೇ ಹಣ ಬಹುಮಂದಿಯ ಕೈಸೇರಿದ್ದು. ಅದೂ ಪಟ್ಟಿಯಲ್ಲಿ ಹೆಸರಿದ್ದವರಿಗೆ. 2017ರ ಶಿಬಿರದಲ್ಲಿ 1,905 ಮಂದಿಯನ್ನು ಗುರುತಿಸಿ, ಬಳಿಕ ಪ್ರಕಟಿಸಿದ ಪಟ್ಟಿಯಲ್ಲಿ ಇದ್ದದ್ದು 287 ಹೆಸರು. ಹೋರಾಟದ ನಂತರ ಇನ್ನಷ್ಟು ಮಂದಿ ಸೇರಿದರು.

ಹೊರಗುಳಿದವರ ಮನೆಗಳಿಗೆ ನಾನು ಹೋಗಿದ್ದೇನೆ. ಇಪ್ಪತ್ತು ವರ್ಷ ಹಿಂದಿನ ಆಸ್ಪತ್ರೆ ಚೀಟಿ ಗೆದ್ದಲು ತಿಂದಿರುತ್ತದೆ. ಮದುವೆಯಾಗಿ ಬೇರೆ ಪಂಚಾಯತಿಗೆ ಹೋದ ಮಗಳ ಮಗುವಿಗೆ ಅರ್ಹತೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಬರುತ್ತದೆ. ನೋಟೀಸು ಮಲಯಾಳದಲ್ಲಿ, ಓದಿ ಹೇಳುವವರು ಸಿಗುವಷ್ಟರಲ್ಲಿ ತಾರೀಕು ಕಳೆದಿರುತ್ತದೆ. “ನೀವೇ ಹೇಳಿ ಮಾಷ್ಟ್ರೇ, ಹೆಲಿಕಾಪ್ಟರು ಬಂದದ್ದಕ್ಕೆ ನಾನು ಯಾವ ರಶೀದಿ ತೋರಿಸಲಿ?” ಎಂದು ಅಕ್ಕ ಒಬ್ಬರು ಕೇಳಿದ್ದರು. ಅಂದಿನಿಂದ ನಾನು ಪ್ರತಿ ಮನೆಯಲ್ಲೂ ಮೊದಲು ಹೇಳುವುದು ಒಂದೇ: ಚೀಟಿಗಳನ್ನು ಎಸೆಯಬೇಡಿ, ನಕಲು ಮಾಡಿ ಎರಡು ಕಡೆ ಇಡಿ.

ಮದ್ದು ರಾಜ್ಯದ ಗಡಿ ನೋಡಲಿಲ್ಲ, ಪರಿಹಾರ ಮಾತ್ರ ನೋಡುತ್ತದೆ. ದಕ್ಷಿಣ ಕನ್ನಡದ ಕೊಕ್ಕಡದ ಕಡೆಯ ಗೇರು ತೋಟಗಳಲ್ಲೂ ಇದೇ ಮದ್ದು ಬಿದ್ದಿತ್ತು. ಅಲ್ಲಿನವರಿಗೆ ಕರ್ನಾಟಕದ ಮಾಸಾಶನ, ಕೊಕ್ಕಡ ಮತ್ತು ಕೊಯಿಲದ ಪಾಲನಾ ಕೇಂದ್ರಗಳು ಇವೆ. ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುವವರಿದ್ದರೆ ಮಾತ್ರ ತಾಯಿ ಕೂಲಿಗೆ ಹೋಗಬಹುದು. ಒಟ್ಟಿಗೆ ಸಿಗುವ ದುಡ್ಡಿನಷ್ಟೇ ಇದೂ ಮುಖ್ಯ.

ನೆಲದ ಲೆಕ್ಕವಂತೂ ಇನ್ನೂ ಮುಗಿದಿಲ್ಲ. ಗಡಿಯ ಮಿಂಚಿನಪದವಿನ ಪಾಳುಬಾವಿಯಲ್ಲಿ ಉಳಿದ ಎಂಡೋಸಲ್ಫಾನ್ ಹೂತಿದ್ದಾರೆಂಬ ದೂರಿನ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಮಣ್ಣು-ನೀರಿನ ಮಾದರಿ ತೆಗೆಯಲು ಬಂದದ್ದು 2023ರ ಕೊನೆಗೆ, ಸಿಂಪಡಣೆ ನಿಂತು ಎರಡು ದಶಕಗಳಾದ ಮೇಲೆ.

ಆದ್ದರಿಂದ ನನ್ನ ಬೇಡಿಕೆ ಮೂರು. ಸಿಂಪಡಣೆಯ ವ್ಯಾಪ್ತಿಯಲ್ಲಿ ವಾಸವಿದ್ದದ್ದನ್ನೇ ಪುರಾವೆಯೆಂದು ಒಪ್ಪಿ. ಎರಡೂ ರಾಜ್ಯಗಳು ಸೇರಿ ಒಂದೇ ಪಟ್ಟಿ ಮಾಡಿ, ಕನ್ನಡದಲ್ಲೂ ಮಲಯಾಳದಲ್ಲೂ ಪ್ರಕಟಿಸಿ. ಬಾವಿ, ಸುರಂಗಗಳ ನೀರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯತಿನ ಫಲಕದಲ್ಲಿ ಹಾಕಿ. ಇನ್ನೊಂದು ಊರಿನ ಹೊಲದಲ್ಲಿ ನಾಳೆ ಇಂಥದ್ದೇ ಆದರೆ, ಅಲ್ಲಿನ ಅಧಿಕಾರಿ ಮೊದಲ ವಾರವೇ ಪುಸ್ತಕ ಹಿಡಿದು ಮನೆಮನೆಗೆ ಹೋಗಲಿ.