ಬ್ರೇಕ್ ಪೆಡಲ್ ಮೆತ್ತಗಾಗಿದೆಯಾ, ತಾನಾಗೇ ಕೆಳಗಿಳೀತಿದೆಯಾ? ಗಾಡಿ ನಿಂತಲ್ಲೇ ಹೀಗೆ ಪರೀಕ್ಷಿಸಿ

ಈ ವಾರ ಗೊಬ್ಬರ, ಕೀಟದ ಮಾತು ಪಕ್ಕಕ್ಕಿಟ್ಟು ಮಾಲು ಸಾಗಿಸೋ ಗಾಡಿ ಬಗ್ಗೆ ಬರೀತಿದ್ದೀನಿ. ನಮ್ಮಲ್ಲಿ ಬಹಳ ಜನರ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಕಾರು, ವ್ಯಾನು, ಇಲ್ಲಾ ಪಿಕಪ್. ಅದರ ಬ್ರೇಕ್ ವಿಷಯದಲ್ಲಿ ನನಗೆ ಬುದ್ಧಿ ಬಂದಿದ್ದು ಬಸವನಗುಡಿಯಲ್ಲಿ.

ಕಾರ್ತಿಕ ಮಾಸದ ಕೊನೇ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ಅದಕ್ಕೆ ಎರಡು ದಿನ ಮೊದಲು ಹಳೇ ವ್ಯಾನ್‌ನಲ್ಲಿ ಕಡಲೆಕಾಯಿ ಮೂಟೆ ತುಂಬ್ಕೊಂಡು ಹೋಗಿದ್ದೆ. ಬುಲ್ ಟೆಂಪಲ್ ರಸ್ತೆಯಲ್ಲಿ ಆಗಲೇ ಅಂಗಡಿ ಹಾಕ್ತಿದ್ರು, ಗಾಡಿಗಳು ತೆವಳ್ತಿದ್ವು. ಬ್ಯೂಗಲ್ ರಾಕ್ ಹತ್ರ ಸ್ವಲ್ಪ ಇಳಿಜಾರಲ್ಲಿ ಕ್ಲಚ್, ಬ್ರೇಕ್ ಎರಡೂ ಒತ್ತಿ ನಿಂತಿದ್ದೆ. ಕಾಲು ಅಲ್ಲಾಡಿಸಿಲ್ಲ, ಆದ್ರೂ ಪೆಡಲ್ ನಿಧಾನಕ್ಕೆ ಕೆಳಗೆ ಇಳೀತಾ ಹೋಯ್ತು, ಗಾಡಿ ಮುಂದಕ್ಕೆ ಜರುಗಿತು. ಎದುರಿಗೆ ಸ್ಕೂಟರ್, ಅದರ ಹಿಂದಿನ ಸೀಟಲ್ಲಿ ಪುಟ್ಟ ಮಗು. ಹ್ಯಾಂಡ್ ಬ್ರೇಕ್ ಎಳೆದೆ, ಒಂದಡಿ ಅಂತರದಲ್ಲಿ ನಿಂತಿತು. ಆಮೇಲೆ ಪೆಡಲ್ ಎರಡು ಸಲ ಪಂಪ್ ಮಾಡಿ ನೋಡಿದ್ರೆ ಕಲ್ಲಿನಂತೆ ಗಟ್ಟಿ!

ಬ್ರೇಕ್ ಆಯಿಲ್ ಡಬ್ಬಿ ನೋಡಿದೆ, ಮಟ್ಟ ಸರಿಯಾಗಿತ್ತು. ಚಕ್ರದ ಹತ್ರ ಒಂದು ಹನಿ ಸೋರಿಕೆ ಇಲ್ಲ. ಒಂದು ಗ್ಯಾರೇಜಲ್ಲಿ "ಏರ್ ಹಿಡಿದಿದೆ" ಅಂತ ಬ್ಲೀಡಿಂಗ್ ಮಾಡಿಕೊಟ್ರು. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಮನೆ ಮುಂದೇನೇ ಅದೇ ಕಥೆ.

ಇಲ್ಲಿ ನಾವು ಎರಡು ಬೇರೆ ಬೇರೆ ರೋಗವನ್ನ ಒಂದೇ ಅಂದ್ಕೋತೀವಿ. ಬೆನ್ನಿಗೆ ಹಾಕೋ ಸ್ಪ್ರೇಯರ್ ನೆನಪಿಸಿಕೊಳ್ಳಿ. ಒಳಗಿನ ವಾಷರ್ ಸವೆದಿದ್ರೆ ಹಿಡಿ ಎಷ್ಟು ಆಡಿಸಿದ್ರೂ ಪ್ರೆಷರ್ ನಿಲ್ಲಲ್ಲ, ಆದ್ರೆ ಹೊರಗೆ ಎಲ್ಲೂ ಸೋರಿಕೆ ಕಾಣಲ್ಲ. ಔಷಧಿ ವಾಷರ್ ಪಕ್ಕದಿಂದ ನುಸುಳಿ ವಾಪಸ್ ಬರ್ತಿರುತ್ತೆ ಅಷ್ಟೇ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಕೂಡ ಹೀಗೇ. ಒಳಗಿನ ರಬ್ಬರ್ ಸೀಲ್ ಸವೆದ್ರೆ ಆಯಿಲ್ ಒಳಗೊಳಗೇ ಹಿಂದಕ್ಕೆ ಬರುತ್ತೆ, ಡಬ್ಬಿಯಲ್ಲಿ ಮಟ್ಟ ಇಳಿಯಲ್ಲ, ಪೆಡಲ್ ಮಾತ್ರ ಇಳಿಯುತ್ತೆ. ಲೈನಲ್ಲಿ ಗಾಳಿ ಸೇರಿದ್ರೆ ಲಕ್ಷಣ ಬೇರೆ. ಆಯಿಲ್ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಹಾಗಾಗಿ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿರುತ್ತೆ, ಆದ್ರೆ ಒತ್ತಿ ಹಿಡಿದ ಜಾಗದಲ್ಲಿ ನಿಲ್ಲುತ್ತೆ.

ಪರೀಕ್ಷೆಗೆ ಐದು ನಿಮಿಷ ಸಾಕು. ಗಾಡಿಯನ್ನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಆಫ್ ಮಾಡಿ ಪೆಡಲ್ ಐದಾರು ಸಲ ಒತ್ತಿ ಬಿಡಿ, ಬೂಸ್ಟರಿನಲ್ಲಿ ಉಳಿದಿರೋ ವ್ಯಾಕ್ಯೂಮ್ ಖಾಲಿ ಆಗುತ್ತೆ. ಈಗ ಒಂದೇ ಸಮ ಒತ್ತಿ ಹಿಡ್ಕೊಂಡು ಒಂದು ನಿಮಿಷ ಕಾಯಿರಿ. ಮೊದಲು ಹಗುರವಾಗಿ, ಆಮೇಲೆ ಜೋರಾಗಿ, ಎರಡು ರೀತಿಯಲ್ಲೂ ನೋಡಿ. ಸವೆದ ಸೀಲ್ ಕೆಲವು ಸಲ ಜೋರಾಗಿ ಒತ್ತಿದಾಗ ಹಿಡಿದು ನಿಲ್ಲುತ್ತೆ, ಹಗುರವಾಗಿ ಒತ್ತಿದಾಗ ಬಿಟ್ಟುಕೊಡುತ್ತೆ. ನಾನು ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿದ್ದು ಹೀಗೇ. ಪೆಡಲ್ ಇಳೀತಾ ಹೋದ್ರೆ ಎಲ್ಲೋ ಸೋರಿಕೆ ಇದೆ ಅಂತಲೇ ಅರ್ಥ. ಹೊರಗೋ ಒಳಗೋ ಅನ್ನೋದು ಮುಂದಿನ ಪ್ರಶ್ನೆ. ನಾಲ್ಕೂ ಚಕ್ರದ ಒಳಮೈ, ರಬ್ಬರ್ ಹೋಸ್, ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂಡೋ ಜಾಗ ಎಲ್ಲಾ ಬೆರಳಿಂದ ಸವರಿ ನೋಡಿ. ಎಲ್ಲೂ ಒದ್ದೆ ಇಲ್ಲ, ಮಟ್ಟವೂ ಇಳಿದಿಲ್ಲ ಅಂದ್ರೆ ಬಹುಪಾಲು ಮಾಸ್ಟರ್ ಸಿಲಿಂಡರೇ.

ಪೆಡಲ್ ಒತ್ತಿ ಹಿಡಿದಿರುವಾಗಲೇ ಎಂಜಿನ್ ಸ್ಟಾರ್ಟ್ ಮಾಡಿದ್ರೆ ಅದು ಸ್ವಲ್ಪ ಕೆಳಗೆ ಹೋಗುತ್ತೆ. ಅದಕ್ಕೆ ಹೆದರಬೇಡಿ. ಬೂಸ್ಟರ್ ಕೆಲಸ ಮಾಡ್ತಿದೆ ಅಂತ ಅರ್ಥ. ಸ್ವಲ್ಪ ಇಳಿದು ನಿಂತರೆ ಸರಿ, ನೆಲದವರೆಗೂ ಹೋದ್ರೆ ತಪ್ಪು.

ಮೊದಲ ಸಲ ಕೆಳಗೆ ಹೋಗಿ, ಪಂಪ್ ಮಾಡಿದ ಮೇಲೆ ಮೇಲಕ್ಕೆ ಬಂದು ಹಾಗೇ ನಿಂತ್ರೆ ಗಾಳಿಯೂ ಇರಬಹುದು, ಹಿಂದಿನ ಡ್ರಮ್ಮಿನ ಶೂ ಸವೆದು ಅಂತರ ಜಾಸ್ತಿ ಆಗಿರಲೂಬಹುದು. ಶೂ ಅಡ್ಜಸ್ಟ್ ಮಾಡದೆ ಎಷ್ಟು ಬ್ಲೀಡಿಂಗ್ ಮಾಡಿದ್ರೂ ದುಡ್ಡು ದಂಡ.

ಮಟ್ಟ ಕಡಿಮೆ ಇದ್ದಾಗ ಸುಮ್ನೆ ಆಯಿಲ್ ತುಂಬಿ ಹೊರಡಬೇಡಿ. ಪ್ಯಾಡ್ ಸವೆದಾಗಲೂ ಮಟ್ಟ ಇಳಿಯುತ್ತೆ, ಸೋರಿದಾಗಲೂ ಇಳಿಯುತ್ತೆ, ಯಾವುದು ಅಂತ ನೋಡಲೇಬೇಕು. ಡಬ್ಬಿ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತೆ, ಅದನ್ನೇ ಹಾಕಿ. ಎಂಜಿನ್ ಆಯಿಲ್ ಅಪ್ಪಿತಪ್ಪಿಯೂ ಬೇಡ, ರಬ್ಬರ್ ಎಲ್ಲಾ ಊದಿ ಹಾಳಾಗುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ಅದಕ್ಕೇ ಹೋದ ವರ್ಷ ತೆರೆದಿಟ್ಟ ಬಾಟಲ್ ಬಳಸಬೇಡಿ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ಮಾನದಂಡ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಲೋಡ್ ಹಾಕ್ಕೊಂಡು ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದ್ರೆ ಆವಿ ಗುಳ್ಳೆ ಏಳುತ್ತೆ, ಪೆಡಲ್ ಸೀದಾ ಕೆಳಗೆ. ತಣ್ಣಗಾದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗಿರುತ್ತೆ. ಇಂಥದ್ದು ಒಮ್ಮೆ ಆದ್ರೂ ಆಯಿಲ್ ಪೂರ್ತಿ ಬದಲಿಸಿ, ಇಳಿಜಾರಲ್ಲಿ ಕಡಿಮೆ ಗೇರಲ್ಲೇ ಇಳಿಯಿರಿ.

ಪರೀಕ್ಷೆ ನಿಮ್ಮದು, ರಿಪೇರಿ ಮೆಕ್ಯಾನಿಕ್‌ದು. ಎಬಿಎಸ್ ಇರೋ ಕೆಲವು ಗಾಡಿಗಳಲ್ಲಿ ಗಾಳಿ ತೆಗೆಯೋಕೆ ಸ್ಕ್ಯಾನರ್ ಬೇಕಾಗುತ್ತೆ. ಆದ್ರೆ "ಒತ್ತಿ ಹಿಡಿದ್ರೆ ಇಳಿಯುತ್ತೆ, ಹೊರಗೆ ಸೋರಿಕೆ ಇಲ್ಲ" ಅಂತ ನೀವು ಹೇಳಿದ್ರೆ ಅವರು ಸುಮ್ನೆ ಬ್ಲೀಡಿಂಗ್ ಮಾಡಿ ಕಳಿಸಲ್ಲ.

ನನ್ನ ವ್ಯಾನಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಹೊಸ ಮಾಸ್ಟರ್ ಸಿಲಿಂಡರ್ ತಂದು ಹಾಕಿಸಿದೆ. ಹಳೇದನ್ನ ಬಿಚ್ಚಿ ನೋಡಿದ್ರೆ ಸೀಲಿನ ಅಂಚು ಹರಿದಿತ್ತು.

ಓಡಿಸುವಾಗಲೇ ಪೆಡಲ್ ಕೈಕೊಟ್ರೆ ಬೇಗ ಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಕೀಲಿ ಮಾತ್ರ ತೆಗೀಬೇಡಿ, ಸ್ಟೇರಿಂಗ್ ಲಾಕ್ ಆಗುತ್ತೆ. ನಿಂತ ಮೇಲೆ ಅಲ್ಲಿಂದ ಗ್ಯಾರೇಜಿಗೆ ಗಾಡಿ ಓಡಿಸ್ಕೊಂಡು ಹೋಗಬೇಡಿ, ಮಾಲನ್ನ ಬೇರೆ ಗಾಡಿಗೆ ಹಾಕಿ ಕಳಿಸಿ, ಮೆಕ್ಯಾನಿಕ್‌ನ ಅಲ್ಲಿಗೇ ಕರೆಸಿ.