ಸಿಹಿ ತಿನ್ನದವರಿಗೂ ಸಕ್ಕರೆ ಕಾಯಿಲೆ ಏಕೆ?



ಪ್ರಥಮ ಪಿಯುಸಿ ಜೀವಶಾಸ್ತ್ರ ತರಗತಿಯಲ್ಲಿ ನಿರ್ನಾಳ ಗ್ರಂಥಿಗಳ ಪಾಠ ನಡೆಯುತ್ತಿತ್ತು. ಮಧುಮೇಹದ ಮಾತು ಬಂದಾಗ, "ಹೆಚ್ಚು ತಿಂದು ಮೈ ಬಗ್ಗಿಸದವರಿಗೆ ಬರುವ ಕಾಯಿಲೆ" ಎಂದುಬಿಟ್ಟೆ. ಜಗಳೂರು ಕಡೆಯ ಹುಡುಗನೊಬ್ಬ ಎದ್ದು ನಿಂತ. "ಸರ್, ನಮ್ಮಪ್ಪ ಕೂಲಿ ಮಾಡ್ತಾರೆ. ಸಣ್ಣಕ್ಕಿದ್ದಾರೆ. ಸಿಹಿ ತಿನ್ನೋದು ಹಬ್ಬಕ್ಕೆ ಮಾತ್ರ. ಅವರಿಗೂ ಶುಗರ್ ಇದೆ." ಹಿಂದಿನ ಬೆಂಚಿನವರು ನಕ್ಕರು. ನಾನು ಉತ್ತರ ಕೊಡದೆ ಪಾಠ ಮುಂದುವರಿಸಿದೆ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಠ್ಯದಲ್ಲಿರುವುದು ಇಷ್ಟು: ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ರಕ್ತದ ಗ್ಲೂಕೋಸನ್ನು ಜೀವಕೋಶದೊಳಗೆ ಸೇರಿಸುತ್ತದೆ. ಇನ್ಸುಲಿನ್ ಸಾಲದಿದ್ದರೆ ಅಥವಾ ಜೀವಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸದಿದ್ದರೆ ಗ್ಲೂಕೋಸ್ ರಕ್ತದಲ್ಲೇ ಉಳಿಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 126 ಮಿ.ಗ್ರಾಂ. ಅಥವಾ ಹೆಚ್ಚಿದ್ದು, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೇ ಬಂದರೆ ಮಧುಮೇಹ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ 10 ಲಕ್ಷ. ಅದರ ಹೊಸ್ತಿಲಲ್ಲಿ ಇರುವವರು 13 ಕೋಟಿ 60 ಲಕ್ಷ. ಇದೇ ಅಧ್ಯಯನ ತಂಡ 2017ರಲ್ಲಿ ಇನ್ನೊಂದು ವಿಷಯ ಹೇಳಿತ್ತು. ಹೆಚ್ಚು ಅನುಕೂಲವುಳ್ಳ ರಾಜ್ಯಗಳ ಪಟ್ಟಣಗಳಲ್ಲಿ ಈ ಕಾಯಿಲೆ ಉಳ್ಳವರಿಗಿಂತ ಬಡವರಲ್ಲೇ ಹೆಚ್ಚು ಕಂಡಿತು. ಶ್ರೀಮಂತರ ಕಾಯಿಲೆ ಎಂಬ ನನ್ನ ಮಾತು ಅಲ್ಲಿಗೇ ಬಿದ್ದುಹೋಯಿತು.

ಸಣ್ಣಗಿರುವವರಿಗೆ ಏಕೆ ಬರುತ್ತದೆ? ಇದಕ್ಕೆ ನಮ್ಮ ಮೈಸೂರಿನಲ್ಲೇ ಒಂದು ಸುಳಿವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದಲೇ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆ ಹಿಡಿದು, ಆಗ ನಡುವಯಸ್ಸು ತಲುಪಿದ್ದ ಅದೇ 'ಶಿಶು'ಗಳನ್ನು ಹುಡುಕಿ ರಕ್ತ ಪರೀಕ್ಷಿಸಿದರು. (ಯಾವ ಗುಮಾಸ್ತರು ಆ ಪುಸ್ತಕಗಳನ್ನು ಕಾಪಾಡಿದರೋ, ಅವರಿಗೆ ಸಲಾಂ.) ಹುಟ್ಟುವಾಗ ಗಿಡ್ಡಗಿದ್ದು ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ ಮಧುಮೇಹ ಹೆಚ್ಚಾಗಿತ್ತು. ಪುಣೆಯಲ್ಲಿ ನಡೆದ ಅಧ್ಯಯನಗಳೂ ನಮ್ಮ ಶಿಶುಗಳು ತೂಕದಲ್ಲಿ ಕಡಿಮೆ, ಸ್ನಾಯುವಿನಲ್ಲಿ ಕಡಿಮೆ, ಆದರೆ ಕೊಬ್ಬಿನಲ್ಲಿ ಅಷ್ಟು ಕಡಿಮೆಯಲ್ಲ ಎಂದು ತೋರಿಸಿದವು. ಗ್ಲೂಕೋಸನ್ನು ಹೆಚ್ಚು ಬಳಸಿಕೊಳ್ಳುವುದು ಸ್ನಾಯು. ನೆದರ್‌ಲ್ಯಾಂಡ್ಸ್‌ನಲ್ಲಿ 1944-45ರ ಬರಗಾಲದ ಚಳಿಗಾಲದಲ್ಲಿ ಗರ್ಭದಲ್ಲಿದ್ದವರಿಗೂ ದೊಡ್ಡವರಾದ ಮೇಲೆ ಗ್ಲೂಕೋಸ್ ನಿಭಾಯಿಸುವ ಶಕ್ತಿ ಕುಂದಿತ್ತು. ಅಂದರೆ ತಾಯಿಯ ಹಸಿವು ಮಗುವಿನ ದೇಹದಲ್ಲಿ ಹತ್ತಾರು ವರ್ಷ ಉಳಿಯಬಲ್ಲದು. ಜಗಳೂರಿನಂತಹ ಬರದ ಸೀಮೆಯಲ್ಲಿ ಹುಟ್ಟಿದ ಕೂಲಿಕಾರನ ವಿಷಯದಲ್ಲಿ ಇದನ್ನು ಮರೆಯಬಾರದು ಎನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಊಟದ ಮಾತು. ಜೋಳ, ರಾಗಿ, ನವಣೆ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಮೆಕ್ಕೆಜೋಳ. ಅದು ಕೋಳಿ ಆಹಾರಕ್ಕೆ ಹೋಗುತ್ತದೆ, ಮನೆಗೆ ಬರುವುದು ಪಾಲಿಶ್ ಅಕ್ಕಿ. ಅನ್ನಭಾಗ್ಯ ಹಸಿವು ನೀಗಿಸಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬೇಳೆ, ಸೊಪ್ಪು, ಮೊಟ್ಟೆ ಕೊಳ್ಳಲು ಕಾಸಿಲ್ಲದ ಮನೆಯಲ್ಲಿ ತಟ್ಟೆ ತುಂಬ ಅನ್ನವೇ ಆಗುತ್ತದೆ.

ಚನ್ನಗಿರಿಯಲ್ಲಿ ಅಡಿಕೆ ಸುಲಿಯಲು ಕೂತ ಹೆಂಗಸರು ಗಂಟೆಗಟ್ಟಲೆ ಏಳುವುದಿಲ್ಲ. ನಡುವೆ ಬರುವುದು ಸಕ್ಕರೆ ಹಾಕಿದ ಟೀ. "ದಿನಾ ವಾಕಿಂಗ್ ಮಾಡಿ" ಎನ್ನುವುದು ಸುಲಭ. ಬೀದಿ ದೀಪವಿಲ್ಲದ ಓಣಿಯಲ್ಲಿ ಬುರ್ಖಾ ಹಾಕಿದ ತಾಯಿಯೊಬ್ಬರು ಎಲ್ಲಿ, ಯಾವಾಗ ನಡೆಯಬೇಕು? ಹೊನ್ನಾಳಿ, ನ್ಯಾಮತಿಯ ಗದ್ದೆಗಳಲ್ಲಿ ದುಡಿಮೆಗೆ ಕೊರತೆಯಿಲ್ಲ. ಅಲ್ಲಿನ ಭಯ ಬೇರೆ. ಬಹುಕಾಲದ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಹೋಗಿರುತ್ತದೆ. ಬರಿಗಾಲಲ್ಲಿ ಕೆಸರಿಗೆ ಇಳಿದವರಿಗೆ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ, ಗಾಯ ಕೊಳೆತ ಮೇಲೆ ತಿಳಿಯುತ್ತದೆ. ಇನ್ನು ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ಸಾಲಿನಲ್ಲಿ ನಿಂತ ದಿನದ ಕೂಲಿ ಹೋಗುತ್ತದೆ. ಆ ಹುಡುಗನ ತಂದೆ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದುದು ಇದೇ ಕಾರಣಕ್ಕೆ ಎಂದು ಆಮೇಲೆ ತಿಳಿಯಿತು.

ಚೆನ್ನೈನ ಸಂಶೋಧಕರು 2005ರಲ್ಲಿ ಪ್ರಕಟಿಸಿದ 'ಭಾರತೀಯ ಮಧುಮೇಹ ಅಪಾಯ ಅಂಕ' ಎಂಬ ಸರಳ ಲೆಕ್ಕವಿದೆ. ಒಟ್ಟು 100 ಅಂಕ. ವಯಸ್ಸು 35ರಿಂದ 49 ಇದ್ದರೆ 20, 50 ದಾಟಿದರೆ 30. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಸೊನ್ನೆ, ಹೆಚ್ಚಿದಂತೆ 20ರವರೆಗೆ. ಕೂತೇ ಕೆಲಸ, ವ್ಯಾಯಾಮವೂ ಇಲ್ಲವೆಂದರೆ 30. ತಂದೆ ತಾಯಿ ಇಬ್ಬರಿಗೂ ಕಾಯಿಲೆಯಿದ್ದರೆ 20. ಮೊತ್ತ 60 ಅಥವಾ ಹೆಚ್ಚಾದರೆ ಅಪಾಯ ಹೆಚ್ಚು. ನಿಮ್ಮ ಮನೆಯ ಹಿರಿಯರಿಗೆ ಈ ಲೆಕ್ಕ ಹಾಕಿ ನೋಡಿ. ಆದರೆ ಒಂದು ಎಚ್ಚರಿಕೆ: ಆ ಹುಡುಗನ ತಂದೆಗೆ ನಾನು ಲೆಕ್ಕ ಹಾಕಿದಾಗ 60ರ ಹತ್ತಿರಕ್ಕೂ ಬರಲಿಲ್ಲ. ಆದ್ದರಿಂದ ಅಂಕ ಕಡಿಮೆ ಬಂತೆಂದು ಸುಮ್ಮನಾಗಬೇಡಿ. 30 ವರ್ಷ ದಾಟಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ ತಪಾಸಣೆಯಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ.

ರಂಜಾನ್ ಬಗ್ಗೆ ಒಂದು ಮಾತು. ಕಾಯಿಲೆಯಿರುವವರಿಗೆ ಉಪವಾಸದಿಂದ ವಿನಾಯಿತಿ ನಮ್ಮ ದೀನ್‌ನಲ್ಲೇ ಇದೆ. ರೋಜಾ ಇಡಲೇಬೇಕೆನ್ನುವವರು ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಸಮಯ ಬದಲಿಸಿಕೊಳ್ಳಲಿ. ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ರೋಜಾ ಬಿಡಬೇಕೆಂದು ವೈದ್ಯರ ಸೂಚನೆಯಿದೆ. ಬೆರಳಿಗೆ ಸೂಜಿ ಚುಚ್ಚಿ ಪರೀಕ್ಷಿಸಿದರೆ ರೋಜಾ ಮುರಿಯುತ್ತದೆಂಬ ಹೆದರಿಕೆ ಬೇಡ. ಅನುಮಾನವಿದ್ದವರು ಇಮಾಮ್ ಸಾಹೇಬರನ್ನು ಕೇಳಬಹುದು.

ಕಳೆದ ವಾರ ಆ ಹುಡುಗನನ್ನು ಕರೆದು, ಅಂದು ತಪ್ಪು ಹೇಳಿದ್ದು ನಾನೇ ಎಂದೆ. ಅವನು ಅದಕ್ಕೇನೂ ಹೇಳಲಿಲ್ಲ. "ಸರ್, ಅಮ್ಮಂಗೆ ಮೂವತ್ತೆಂಟು, ಇನ್ನೂ ಒಂದು ಸಲಾನೂ ಟೆಸ್ಟ್ ಮಾಡ್ಸಿಲ್ಲ" ಎಂದ. ಬರುವ ಶನಿವಾರ ಅವರು ಕೆಲಸಕ್ಕೆ ಹೋಗುವ ಮೊದಲೇ, ಖಾಲಿ ಹೊಟ್ಟೆಯಲ್ಲಿ, ಕರೆದುಕೊಂಡು ಹೋಗುತ್ತಾನಂತೆ.