ಮೊಬೈಲಿಗೆ ಆ್ಯಂಟಿವೈರಸ್ ಬೇಕೇ? ವಿದ್ಯಾರ್ಥಿವೇತನದ ಕುಟುಂಬಗಳಿಗೆ ಒಂದು ಪಾಠ




ಸೋಗಾನೆ, ಶಿವಮೊಗ್ಗ, ಭದ್ರಾವತಿಯ ನಮ್ಮ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್. ತಂದೆಯ ದುಡಿಮೆಯ ಹಣ ಬರುವುದು ಅದರಲ್ಲಿ, ಮಗಳ ಪಾಠದ ಪಿಡಿಎಫ್ ಇರುವುದು ಅದರಲ್ಲಿ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ ಒಟಿಪಿ ಬರುವುದೂ ಅದಕ್ಕೇ. ಸರ್ಕಾರದ ವಿದ್ಯಾರ್ಥಿವೇತನ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಆ ಖಾತೆಯ ಬೀಗದ ಕೈ ಇಂದು ಫೋನಿನಲ್ಲಿದೆ. ಫೋನ್ ಕಳ್ಳರ ಹಿಡಿತಕ್ಕೆ ಸಿಕ್ಕರೆ ಮಗುವಿನ ಒಂದು ವರ್ಷದ ಶುಲ್ಕವೇ ಹೋಗಬಹುದು.

ಆದ್ದರಿಂದಲೇ ಪೋಷಕರು "ಆ್ಯಂಟಿವೈರಸ್ ಹಾಕಿಸಬೇಕೇ?" ಎಂದು ಕೇಳುತ್ತಾರೆ. "ಟ್ರಸ್ಟ್ ವತಿಯಿಂದಲೇ ಎಲ್ಲ ಮಕ್ಕಳಿಗೂ ಕೊಡಿಸೋಣವೇ?" ಎಂದು ಕೇಳಿದ ದಾನಿಗಳೂ ಇದ್ದಾರೆ. ಹೆಚ್ಚಿನವರಿಗೆ ಹಣ ಕೊಟ್ಟು ಕೊಳ್ಳುವ ಆ್ಯಂಟಿವೈರಸ್ ಬೇಡ ಎಂಬುದು ನಮ್ಮ ಉತ್ತರ. ಕಾರಣ ಹೀಗಿದೆ.

ಫೋನಿನ ಒಳಗೆ

ಫೋನನ್ನು ಒಂದು ಹಾಸ್ಟೆಲ್ ಎಂದು ಭಾವಿಸಿ. ಪ್ರತಿ ಆ್ಯಪ್‌ಗೂ ಒಂದೊಂದು ಬೀಗ ಹಾಕಿದ ಕೋಣೆ. ಒಂದರ ಕೋಣೆಗೆ ಇನ್ನೊಂದು ನುಗ್ಗುವಂತಿಲ್ಲ. ಆ್ಯಂಟಿವೈರಸ್ ಕೂಡ ಇಲ್ಲಿ ಒಬ್ಬ ವಾಸಿಯೇ ಹೊರತು ವಾರ್ಡನ್ ಅಲ್ಲ. ಹೊಸದಾಗಿ ಬಂದ ಆ್ಯಪ್‌ನ ಗುರುತನ್ನು ತನ್ನಲ್ಲಿರುವ ಕಳ್ಳರ ಪಟ್ಟಿಯೊಂದಿಗೆ ಹೋಲಿಸಿ ಎಚ್ಚರಿಸುವುದು ಅದರ ಮುಖ್ಯ ಕೆಲಸ. ಪ್ಲೇ ಸ್ಟೋರ್ ಇರುವ ಆಂಡ್ರಾಯ್ಡ್ ಫೋನ್‌ಗಳಲ್ಲಿ 'ಪ್ಲೇ ಪ್ರೊಟೆಕ್ಟ್' ಇದೇ ಕೆಲಸವನ್ನು ಉಚಿತವಾಗಿ ಮಾಡುತ್ತದೆ. ಐಫೋನ್‌ನಲ್ಲಂತೂ ಒಂದು ಆ್ಯಪ್ ಮತ್ತೊಂದನ್ನು ತಪಾಸಣೆ ಮಾಡಲು ಅವಕಾಶವೇ ಇಲ್ಲ.

ಕಳ್ಳ ಬರುವ ದಾರಿ

ಫೋನಿನಿಂದ ಹಣ ಹೋಗುವ ಪ್ರಕರಣಗಳಲ್ಲಿ ಬಹುಪಾಲು ಬಾಗಿಲು ತೆರೆಯುವುದು ನಮ್ಮದೇ ಬೆರಳು. ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಡತ ಬರುತ್ತದೆ: ಸಂಚಾರ ದಂಡದ ನೋಟಿಸ್, ಪಿಎಂ ಕಿಸಾನ್, ಮದುವೆಯ ಆಮಂತ್ರಣ, ಬ್ಯಾಂಕಿನ ಕೆವೈಸಿ ಎಂಬ ಹೆಸರು. ಕಡತದ ಹೆಸರಿನ ಕೊನೆಯಲ್ಲಿ ಎ-ಪಿ-ಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಪತ್ರವೂ ಅಲ್ಲ, ಚಿತ್ರವೂ ಅಲ್ಲ, ಒಂದು ಆ್ಯಪ್. ಪರಿಚಿತರ ನಂಬರಿನಿಂದ ಬಂದರೂ ನಂಬಬೇಡಿ. ಅವರ ಫೋನ್ ಸಿಕ್ಕಿಬಿದ್ದಿದ್ದರೆ ಅವರಿಗೆ ಗೊತ್ತಿಲ್ಲದೆಯೇ ಸಂದೇಶ ಹೋಗುತ್ತದೆ. ಅದನ್ನು ಹಾಕಿಕೊಂಡು, ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ಒಟಿಪಿ ಕಳ್ಳನಿಗೆ ತಲುಪುತ್ತದೆ. 'ಆ್ಯಕ್ಸೆಸಿಬಿಲಿಟಿ' ಅನುಮತಿ ಕೊಟ್ಟರೆ ಪರದೆಯನ್ನೇ ಅವನು ನಡೆಸಬಲ್ಲ. ಪಟ್ಟಿಗೆ ಇನ್ನೂ ಸೇರದ ಹೊಸ ಆ್ಯಪ್ ಆದರೆ ಆ್ಯಂಟಿವೈರಸ್ ಸುಮ್ಮನಿರುವುದೂ ಉಂಟು.

ನಕಲಿ ಕಾವಲುಗಾರರು

ಆ್ಯಂಟಿವೈರಸ್ ಹೆಸರಿನಲ್ಲೇ ಮೋಸವಿದೆ. 2014ರಲ್ಲಿ 'ವೈರಸ್ ಶೀಲ್ಡ್' ಎಂಬ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಹಣಕ್ಕೆ ಮಾರಾಟವಾಯಿತು. ಮುಟ್ಟಿದಾಗ ಚಿತ್ರ ಬದಲಾಗುವುದನ್ನು ಬಿಟ್ಟರೆ ಅದು ಏನೂ ಮಾಡುತ್ತಿರಲಿಲ್ಲ. 2019ರಲ್ಲಿ ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಸಂಸ್ಥೆ ಆಂಡ್ರಾಯ್ಡ್‌ನ 250 ಆ್ಯಂಟಿವೈರಸ್‌ಗಳನ್ನು ಪರೀಕ್ಷಿಸಿದಾಗ, ಕೆಟ್ಟ ಆ್ಯಪ್‌ಗಳಲ್ಲಿ ಶೇ. 30ಕ್ಕಿಂತ ಹೆಚ್ಚನ್ನು ಹಿಡಿದವು 80 ಮಾತ್ರ. 2022ರಲ್ಲಿ 'ಶಾರ್ಕ್‌ಬಾಟ್' ಎಂಬ ಬ್ಯಾಂಕ್ ಕಳ್ಳ ಆ್ಯಪ್ ಆ್ಯಂಟಿವೈರಸ್ ವೇಷದಲ್ಲೇ ಪ್ಲೇ ಸ್ಟೋರ್‌ನಲ್ಲಿ ಪತ್ತೆಯಾಯಿತು. "ನಿಮ್ಮ ಫೋನಿಗೆ ವೈರಸ್ ಬಂದಿದೆ" ಎಂದು ಹೆದರಿಸುವ ಜಾಹೀರಾತನ್ನು ಮುಟ್ಟದೆ ಮುಚ್ಚಿಬಿಡಿ.

ಮನೆಯವರೆಲ್ಲ, ಚಿಕ್ಕ ಮಕ್ಕಳೂ, ಒಂದೇ ಫೋನ್ ಬಳಸುವುದರಿಂದ ಇನ್ನೊಂದು ಕಾವಲು ಇರಲಿ ಎನ್ನುವವರು ಹಣ ಕೊಡಬೇಕಾಗಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ, ಸಿ-ಡ್ಯಾಕ್ ರೂಪಿಸಿದ 'ಎಂ-ಕವಚ್ 2' ಉಚಿತವಾಗಿ ಸಿಗುತ್ತದೆ.

ಮನೆಯಲ್ಲಿ ಪಾಲಿಸಬೇಕಾದ ಐದು ನಿಯಮ

1. ಆ್ಯಪ್ ಬೇಕಾದರೆ ಪ್ಲೇ ಸ್ಟೋರ್‌ನಿಂದ ಮಾತ್ರ. ಅಲ್ಲಿಯೂ ತಯಾರಕರ ಹೆಸರು ನೋಡಿ.
2. ಸೆಟ್ಟಿಂಗ್ಸ್‌ನಲ್ಲಿ 'ಅಪರಿಚಿತ ಆ್ಯಪ್‌ಗಳ ಸ್ಥಾಪನೆ'ಗೆ ಹೋಗಿ, ವಾಟ್ಸ್‌ಆ್ಯಪ್ ಮತ್ತು ಬ್ರೌಸರ್‌ಗೆ ಅನುಮತಿ ಇದ್ದರೆ ತೆಗೆಯಿರಿ.
3. ಪ್ಲೇ ಸ್ಟೋರ್‌ನಲ್ಲಿ ಪ್ಲೇ ಪ್ರೊಟೆಕ್ಟ್ ಚಾಲೂ ಇದೆಯೇ ನೋಡಿ. ಅದನ್ನು ಆಫ್ ಮಾಡಿ ಎನ್ನುವವರು ಯಾರೇ ಆಗಿರಲಿ, ಕೇಳಬೇಡಿ.
4. ಫೋನ್ ಅಪ್‌ಡೇಟ್ ಕೇಳಿದಾಗ ಮುಂದೂಡಬೇಡಿ. ಅಪ್‌ಡೇಟ್ ನಿಂತುಹೋದ ಹಳೆಯ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಇಡಬೇಡಿ. ಹಳೆಯ ವ್ಯವಸ್ಥೆಯ ತೂತನ್ನು ಆ್ಯಂಟಿವೈರಸ್ ಮುಚ್ಚಲಾರದು.
5. ವಿದ್ಯಾರ್ಥಿವೇತನದ ಹಣ ಬರುವ ಖಾತೆ ಬೇರೆ, ದಿನದ ಯುಪಿಐ ಖಾತೆ ಬೇರೆ ಇರಲಿ.

ತಪ್ಪಿ ಒತ್ತಿಬಿಟ್ಟರೆ

ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ನಿಲ್ಲಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ; ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ಹರಿಯುವ ಮೊದಲು ತಡೆಹಿಡಿಯಲು ಪ್ರತಿ ನಿಮಿಷವೂ ಮುಖ್ಯ. ಶಿವಮೊಗ್ಗದಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ. ಅಲ್ಲಿ ದೂರು ಕೊಡಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ, ನಂತರ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ. ಮಕ್ಕಳು ಬೈಗುಳಕ್ಕೆ ಹೆದರಿ ಒಂದು ರಾತ್ರಿ ಸುಮ್ಮನಿದ್ದರೆ ಆಗುವ ನಷ್ಟ ದೊಡ್ಡದು. "ತಪ್ಪಾದರೆ ಮೊದಲು ನಮಗೆ ಹೇಳು, ಬೈಯುವುದಿಲ್ಲ" ಎಂದು ಇಂದೇ ಅವರಿಗೆ ಹೇಳಿಡಿ.

ದಾನಿಗಳಿಗೂ ಅರ್ಜಿದಾರರಿಗೂ

ನೀವು ಕೊಟ್ಟ ಝಕಾತ್ ಮತ್ತು ಸದಕಾ ನಮ್ಮ ಬಳಿ ಇರುವ ಅಮಾನತ್. ಉಚಿತವಾಗಿ ಸಿಗುವ ಕಾವಲಿಗೆ ಅದನ್ನು ಖರ್ಚು ಮಾಡುವುದು ಸರಿಯಲ್ಲ. ಅದು ಶುಲ್ಕ ಮತ್ತು ಪುಸ್ತಕಕ್ಕೇ ಹೋಗಲಿ. ಅರ್ಜಿ ಕೊಡಲು ಬರುವ ಪೋಷಕರು ಫೋನನ್ನೂ ತನ್ನಿ. ಎರಡನೆಯ ಮತ್ತು ಮೂರನೆಯ ನಿಯಮಗಳನ್ನು ನಿಮ್ಮ ಕೈಯಿಂದಲೇ ಮಾಡಿಸಿ ತೋರಿಸುತ್ತೇವೆ. ನಿಮ್ಮ ಪಿನ್ ಅಥವಾ ಒಟಿಪಿಯನ್ನು ನಾವು ನೋಡುವುದೂ ಇಲ್ಲ, ಕೇಳುವುದೂ ಇಲ್ಲ.

ನಮ್ಮ ಟ್ರಸ್ಟ್‌ಗೆ ಯಾವುದೇ ಆ್ಯಪ್ ಇಲ್ಲ. ಅರ್ಜಿಗೆ ಶುಲ್ಕವೂ ಇಲ್ಲ. ನಮ್ಮ ಹೆಸರಿನಲ್ಲಿ, ಸರ್ಕಾರದ ವಿದ್ಯಾರ್ಥಿವೇತನದ ಹೆಸರಿನಲ್ಲಿ ಅಥವಾ ಸೋಗಾನೆ ವಿಮಾನ ನಿಲ್ದಾಣದ ಕೆಲಸದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಆ್ಯಪ್ ಬಂದರೆ ತೆರೆಯಬೇಡಿ, ಯಾರಿಗೂ ಕಳುಹಿಸಬೇಡಿ, ಅಳಿಸಿಬಿಡಿ. ಸಂಶಯವಿದ್ದರೆ ಕಚೇರಿಗೆ ಬಂದು ಕೇಳಿ.

ನಿಮ್ಮ ಮಕ್ಕಳ ಪಾಲಿನ ಹಣ ಅವರಿಗೇ ತಲುಪಲಿ, ಅವರ ಇಲ್ಮ್‌ನಲ್ಲಿ ಅಲ್ಲಾಹನು ಬರಕತ್ ನೀಡಲಿ. ಆಮೀನ್.